ಜೀಪು ಕೊಟ್ಟು ತಂದ ಕಾರು

ಶಿವರಾತ್ರಿ ಮುಗಿದ ಮೂರನೆಯ ದಿನ ಅಮರಪ್ಪ ರೊಟ್ಟಿ ಮುರಿಯುತ್ತ, ತಾಟಿನಿಂದ ತಲೆ ಎತ್ತದೆಯೇ, ಜೀಪು ಕೊಟ್ಟುಬಿಡೋಣ ಎಂದ. ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ಅವನ ಹೆಂಡತಿ ದೇವಕಮ್ಮನ ಕೈ ನಿಂತಿತು. ಎದುರಿಗೆ ಕೂತಿದ್ದ ಅಪ್ಪ ಹಣಮಂತ್ರಾಯನ ಕೈ ಮಾತ್ರ ನಿಲ್ಲಲಿಲ್ಲ. ಅವನು ಪುಂಡಿಪಲ್ಯವನ್ನು ತುತ್ತಿಗೆ ಹಚ್ಚಿಕೊಂಡು, ಅಗಿದು, ನುಂಗಿ, ನೀರು ಕುಡಿದು ಆಮೇಲೆ ಕೇಳಿದ:

“ಯಾರ ಜೀಪು?”

“ನಿನ್ನ ಜೀಪು, ಮತ್ಯಾರದು? ಶಹಾಪುರದಾಗ ಭೀಮರಾಯ ಅಂತ ಹಳೇ ಕಾರಿನ ವ್ಯಾಪಾರ ಮಾಡ್ತಾನ. ಅವನ ಹತ್ರ ಒಂದು ಬಿಳಿ ಕಾರು ಎಕ್ಸ್‌ಚೇಂಜಿನ್ಯಾಗ ಬಂದದ. ಯಾದಗಿರಿ ಡಾಕ್ಟರೊಬ್ಬರು ಅದನ್ನ ಕೊಟ್ಟು ದೊಡ್ಡ ಗಾಡಿ ತಗೊಂಡಾರಂತ. ನಾವು ಜೀಪು ಕೊಟ್ರ ಎಪ್ಪತ್ತು ಸಾವಿರ ಹಿಡೀತಾನ. ಮ್ಯಾಲಿನ ರೊಕ್ಕ ದೇವಕಿ ಕೊಡ್ತಾಳ.”

“ನಾ ಯಾವಾಗ ಕೊಡ್ತೇನಂದೆ?” ಎಂದಳು ದೇವಕಮ್ಮ ಒಲೆಯ ಕಡೆಯಿಂದಲೇ.

“ಈಗ ಅನ್ನು.”

ರಂಗಂಪೇಟೆಯ ಆ ಮನೆಯಲ್ಲಿ ಆಗ ಇದ್ದದ್ದು ನಾಲ್ಕು ಜನ. ದೇವಕಮ್ಮನ ಒಬ್ಬಳೇ ಮಗಳು ವಸತಿ ಶಾಲೆಯಲ್ಲಿದ್ದಳು. ದೇವಕಮ್ಮ ಊರ ಹೊರಗಿನ ಪ್ರಾಥಮಿಕ ಶಾಲೆಯ ಶಿಕ್ಷಕಿ, ಅಮರಪ್ಪ ಸುರಪುರದ ಕಚೇರಿಯೊಂದರಲ್ಲಿ ಗುಮಾಸ್ತ. ಹಣಮಂತ್ರಾಯ ಭೀಮರಾಯನಗುಡಿ ಕ್ಯಾಂಪಿನಲ್ಲಿ ಮೂವತ್ತೊಂದು ವರ್ಷ ಕಾಲುವೆಯ ಸಾಹೇಬರ ಜೀಪು ಓಡಿಸಿ ನಿವೃತ್ತನಾದವನು. ಕಾಲುವೆ ಇನ್ನೂ ನೆಲದ ಮೇಲೆ ಎಳೆದ ಸುಣ್ಣದ ಗೆರೆಯಾಗಿದ್ದಾಗಲೇ ಅವನು ಅದರ ಗುಂಟ ಗಾಡಿ ಓಡಿಸಿದ್ದ. ಹಳೆಯ ಜೀಪು ಹರಾಜಿಗೆ ಬಂದಾಗ ಕೂಗಿ ಕೂಗಿ ತಾನೇ ಕೊಂಡು ಮನೆಗೆ ತಂದಿದ್ದ.

ನಾಲ್ಕನೆಯವಳು ಅವನ ಹೆಂಡತಿ ಮೋನಮ್ಮ. ಒಂದು ವರ್ಷದ ಹಿಂದೆ ಅವಳ ಎರಡೂ ಮೂತ್ರಪಿಂಡ ಕೈಕೊಟ್ಟಿದ್ದವು. ಬುಧವಾರ ಮತ್ತು ಶನಿವಾರ ಐವತ್ತು ಕಿಲೋಮೀಟರ್ ದೂರದ ಯಾದಗಿರಿಗೆ ಡಯಾಲಿಸಿಸ್‌ಗೆ ಹೋಗಬೇಕು. ದಿನಕ್ಕೆ ಮೂರು ಲೋಟದ ಮೇಲೆ ನೀರು ಕುಡಿಯುವಂತಿಲ್ಲ, ಉಪ್ಪು ನಾಲಿಗೆಗೆ ತಾಕುವಂತಿಲ್ಲ. ಶರೀರ ಸೊರಗಿತ್ತು, ಬಾಯಿ ಸೊರಗಿರಲಿಲ್ಲ.

“ಜೀಪಿನ್ಯಾಗ ಅವ್ವನ ಬೆನ್ನು ಮುರದು ಹೋಗಾಕತ್ತದ,” ಅಂದ ಅಮರಪ್ಪ. “ಹತ್ತಿಗುಡೂರ ದಾಟೂದ್ರಾಗ ಅಕಿ ಮಾರಿ ನೋಡೀ ಏನು?”

“ಜೀಪಿಗೇನಾಗ್ಯಾದ? ಹಾಸಿಗಿ ದಪ್ಪಂದು ಹಾಕೀನಿ.”

“ನಿನ್ನ ಹಾಸಿಗಿ ಮ್ಯಾಲ ನೀ ಒಂದಿನ ಕೂಡು,” ಎಂದಳು ಮೋನಮ್ಮ ಮಂಚದಿಂದ. “ಜೀಪು ಕೊಡು ಮಾರಾಯ. ನಾ ಇರೂತನಕರೆ ಮೆತ್ತಗ ಹೋಗಿ ಮೆತ್ತಗ ಬರ್ತೇನಿ.”

ಹಣಮಂತ್ರಾಯ ತಾಟಿನಲ್ಲಿ ಕೈ ತೊಳೆದ. “ಆತು. ಗಾಡಿ ನೋಡಾಕ ನಾನೂ ಬರ್ತೇನಿ” ಎಂದ.

“ನೀ ಬ್ಯಾಡಪ್ಪ.”

“ಯಾಕ?”

“ನೀ ಬಂದ್ರ ವ್ಯಾಪಾರ ಆಗೂದಿಲ್ಲ. ನಟ್ಟು ನೋಡ್ತಿ, ಬೋಲ್ಟು ನೋಡ್ತಿ, ಆ ಮನಷ್ಯಾನ ಮುಂದ ನನ್ನ ಮಾನ ಕಳೀತಿ. ಎಲ್ಲಿ ಹೋದ್ರೂ ನಿನ್ನ ಡ್ರೈವರ್ ಬುದ್ಧಿ ಬಿಡಂಗಿಲ್ಲ.”

ದೇವಕಮ್ಮ ಹಂಚಿನ ಮೇಲಿನ ರೊಟ್ಟಿ ತಿರುವಲು ಮರೆತಳು. ಆ ಡ್ರೈವರ್ ಪಗಾರದಲ್ಲೇ ಗಂಡ ಕಲಬುರಗಿಯಲ್ಲಿ ಡಿಗ್ರಿ ಓದಿದ್ದು. ಮಾವ ಏನಾದರೂ ಅನ್ನಲಿ ಎಂದು ಅವಳು ಕಾದಳು. ಅವನು ಎದ್ದು ಹೋಗಿ ಜೀಪಿನ ಕಾಗದಗಳಿದ್ದ ತಗಡಿನ ಪೆಟ್ಟಿಗೆ ತಂದು ಮಗನ ತಾಟಿನ ಪಕ್ಕಕ್ಕೆ ಕುಕ್ಕಿದ.

“ಎಲ್ಲೆಲ್ಲಿ ಸಹಿ ಬೇಕು ತೋರಿಸು. ಇನ್ನ ಈ ಮನ್ಯಾಗ ಗಾಡಿ ಮಾತು ನನ್ನ ಕೇಳಬ್ಯಾಡ್ರಿ.”

ಎರಡು ದಿನದಲ್ಲಿ ದೇವಕಮ್ಮ ತನ್ನ ಉಳಿತಾಯ ಒಡೆದು ಎರಡು ಲಕ್ಷ ಕೊಟ್ಟಳು. ಅತ್ತೆಯ ಬೆನ್ನಿನ ಸಲುವಾಗಿ ಕೊಟ್ಟಳೇ ಹೊರತು ಗಂಡನ ಮಾತಿಗಲ್ಲ, ಮತ್ತು ಹಾಗಂತ ಅವನಿಗೆ ಹೇಳಿಯೂ ಹೇಳಿದಳು. ಅವನು ಹಣ ಎಣಿಸಿಕೊಳ್ಳುತ್ತ, “ಯಾರ ಸಲುವಾಗಿ ಕೊಟ್ರೂ ನೋಟು ಅದೇ” ಅಂದ.

ಕಾರು ಬಂದದ್ದು ಶುಕ್ರವಾರ. ಅಮರಪ್ಪ ಓಣಿಯ ತುದಿಯಿಂದಲೇ ಹಾರ್ನ್ ಹೊಡೆಯುತ್ತ ಬಂದ. ಎದುರು ಮನೆಯ ಮದೀನಾಬೀ ಬಾಗಿಲಿಗೆ ಬಂದು, “ಮಾಷಾ ಅಲ್ಲಾ, ಹೊಸದ ಕಾಣ್ತದಲ್ರಿ!” ಎಂದಳು. ಖರೆ, ಹೊಸದರಂತೆಯೇ ಹೊಳೆಯುತ್ತಿತ್ತು. ಸೀಟಿಗೆ ಕಂದು ಬಣ್ಣದ ಹೊಸ ಹೊದಿಕೆ, ಕನ್ನಡಿಗೆ ನೇತುಹಾಕಿದ ಅತ್ತರಿನ ಸೀಸೆ, ಮೀಟರಿನಲ್ಲಿ ನಲವತ್ತೆರಡು ಸಾವಿರ ಕಿಲೋಮೀಟರ್. ಕಾಗದ ಪತ್ರ ಕೇಳಿದರೆ, ಹೆಸರು ಬದಲಿಯಾಗಿ ಬರಲು ಎರಡು ತಿಂಗಳು ಬೇಕು ಎಂದು ಭೀಮರಾಯ ಹೇಳಿದ್ದನಂತೆ. ದೇವಕಮ್ಮ ಆರತಿ ಎತ್ತಿದಳು. ಮೋನಮ್ಮ ಹಿಂದಿನ ಸೀಟಿನಲ್ಲಿ ಕೂತು ಅಂಗೈಯಿಂದ ಒತ್ತಿ ನೋಡಿ, “ಹತ್ತಿ ಮೂಟಿ ಕೂತಂಗದ” ಎಂದು ನಕ್ಕಳು. ಎಷ್ಟೋ ತಿಂಗಳ ಮೇಲೆ ಅವಳು ನಕ್ಕದ್ದು ಅದೇ.

ಅಮರಪ್ಪ ಪೇಢೆ ತರಲು ಹೋದಾಗ ಹಣಮಂತ್ರಾಯ ಹೊರಗೆ ಬಂದ. ಕಾರನ್ನು ಒಂದು ಸುತ್ತು ಹಾಕಿದ. ಮುಂದಿನ ಬಾಗಿಲು ತೆಗೆದು ಸೀಟಿನ ಬೆಲ್ಟನ್ನು ಎಳೆದ. ಎಲ್ಲರೂ ಎದೆಗೆ ಬರುವಷ್ಟು ಎಳೆಯುತ್ತಾರೆ, ಅವನು ಅದು ಮುಗಿಯುವ ತನಕ ಎಳೆದ. ಬೆಲ್ಟಿನ ಕೊನೆಯ ಒಂದು ಮೊಳವನ್ನು ಹೆಬ್ಬೆರಳಿನಿಂದ ತಿಕ್ಕಿ, ಮೂಗಿನ ಹತ್ತಿರ ಹಿಡಿದ. ಆಮೇಲೆ ಬೆಲ್ಟನ್ನು ಒಳಗೆ ಬಿಟ್ಟು, ಬಾಗಿಲು ಮುಚ್ಚಿ, ಬೆರಳನ್ನು ಧೋತರಕ್ಕೆ ಒರೆಸಿಕೊಂಡು ಒಳಗೆ ಹೋದ. ಆರತಿ ತಟ್ಟೆ ಹಿಡಿದು ನಿಂತಿದ್ದ ದೇವಕಮ್ಮ ಇದನ್ನೆಲ್ಲ ನೋಡಿದಳು.

“ಹ್ಯಾಂಗದರಿ ಮಾವ, ಗಾಡಿ?”

“ನನ್ನೇನು ಕೇಳ್ತಿ? ತಂದಾವನ್ನ ಕೇಳು.”

ಮೊದಲ ವಾರ ಎಲ್ಲ ಸರಳವಾಗಿ ನಡೆಯಿತು. ಅಮರಪ್ಪ ಬುಧವಾರ ರಜೆ ಹಾಕಿ, ಶನಿವಾರ ಕಚೇರಿಯಿಂದ ಬೇಗ ಬಂದು ತಾಯಿಯನ್ನು ಕರೆದೊಯ್ದ. ಶನಿವಾರ ದೇವಕಮ್ಮ ಶಾಲೆ ಬಿಟ್ಟೊಡನೆ ಜೊತೆಗೆ ಹೋಗುತ್ತಿದ್ದಳು. ಭಾನುವಾರ ಕಾರು ಅಮರಪ್ಪನ ಗೆಳೆಯರದು. ಕೊಡೇಕಲ್‌ಗೆ ಹೋಗಿ ಬಂದರು, ಧಾಬಾಕ್ಕೆ ಹೋಗಿ ಬಂದರು. ಹಣಮಂತ್ರಾಯ ಒಮ್ಮೆಯೂ ಅದರಲ್ಲಿ ಕೂರಲಿಲ್ಲ. ಜೀಪು ನಿಲ್ಲುತ್ತಿದ್ದ ಬೇವಿನ ನೆರಳಲ್ಲಿ ಈಗ ಕಾರು ನಿಂತರೆ, ಅವನು ತನ್ನ ಕುರ್ಚಿಯನ್ನು ಮದೀನಾಬೀಯ ಕಟ್ಟೆಯ ಕಡೆ ತಿರುಗಿಸಿಕೊಂಡು ಕೂರುತ್ತಿದ್ದ.

ಎರಡನೆಯ ವಾರ ಮೋನಮ್ಮ, “ಈ ಗಾಡ್ಯಾಗ ನೀರು ನಿಂತ ಗದ್ದಿ ವಾಸನಿ ಬರ್ತದ” ಎಂದಳು. ಅಮರಪ್ಪ ಇನ್ನೊಂದು ಅತ್ತರಿನ ಸೀಸೆ ತಂದು ಕಟ್ಟಿದ. ಮೂರನೆಯ ವಾರ ಮಳೆ ಇಲ್ಲದ ಬಿಸಿಲಲ್ಲಿ ಗಾಜು ಒರೆಸುವ ಕಡ್ಡಿಗಳು ತಾವಾಗಿಯೇ ಆಡತೊಡಗಿದವು. ಒಂದು ಮುಂಜಾನೆ ಯಾರೂ ಮುಟ್ಟದೆ ಹಾರ್ನ್ ಹೊಡೆದುಕೊಂಡು ಓಣಿಯನ್ನೆಲ್ಲ ಎಬ್ಬಿಸಿತು. ಅಮರಪ್ಪ ಬೈಯುತ್ತ ಅದನ್ನು ಮೈನುದ್ದೀನನ ಗ್ಯಾರೇಜಿಗೆ ಒಯ್ದ. ಅವನು ಬಾನೆಟ್ ತೆಗೆದು, ತಂತಿಯ ಗಂಟೊಂದನ್ನು ಬಿಚ್ಚಿ ನೋಡಿ, “ಅಮರಪ್ಪಣ್ಣ, ಒಳಗಿನ ತಾಮ್ರ ಹಸರಗಟ್ಟೇದ. ಅಪ್ಪಾರಿಗೆ ಒಮ್ಮೆ ತೋರಸ್ರಿ” ಎಂದನಂತೆ.

“ಎಲ್ಲಾರಿಗೂ ಅಪ್ಪಾರ ಬೇಕು!” ಎಂದು ಅಮರಪ್ಪ ರಾತ್ರಿ ಊಟಕ್ಕೆ ಕೂತಾಗ ಗುಡುಗಿದ. “ಡಾಕ್ಟರು ಓಡಿಸಿದ ಗಾಡಿ ಅದು. ಈ ಊರಾಗಿನ ಮಿಸ್ತ್ರಿಗಳಿಗೆ ಚಲೋ ಗಾಡಿ ನೋಡಿ ಗೊತ್ತಿಲ್ಲ.”

ಹಣಮಂತ್ರಾಯ ಮಜ್ಜಿಗೆ ಕಲಸಿಕೊಳ್ಳುತ್ತ ಗೋಡೆ ನೋಡಿದ. ಅವನ ಮೀಸೆಯ ಅಂಚಿನಲ್ಲಿ ಏನೋ ಅಲುಗಿತು. ಅದು ನಗು ಎಂದು ದೇವಕಮ್ಮನಿಗೆ ಅನ್ನಿಸಿತು. ಅನ್ನಿಸಿದ್ದಕ್ಕೆ ಅವಳಿಗೆ ಹೆದರಿಕೆಯಾಯಿತು.

ಏಪ್ರಿಲ್ ಮೊದಲ ಶನಿವಾರ ಬಿಸಿಲು ಹನ್ನೆರಡಕ್ಕೇ ನೆತ್ತಿ ಸುಡುತ್ತಿತ್ತು. ಹಿಂದಿನ ಎರಡು ದಿನ ಮೋನಮ್ಮ ಯಾರೂ ನೋಡದಾಗ ನೀರು ಹೆಚ್ಚು ಕುಡಿದಿದ್ದಳು. ಕಾಲು ಬಾತಿದ್ದವು, ಉಸಿರು ಮೇಲೆ ಮೇಲೆ ಬರುತ್ತಿತ್ತು. ಶಹಾಪುರ ದಾಟಿ, ಭೀಮಾ ನದಿಯ ಸೇತುವೆ ಇನ್ನೂ ಐದಾರು ಕಿಲೋಮೀಟರ್ ಇರುವಾಗ ಕಾರಿನ ಎಲ್ಲ ದೀಪಗಳೂ ಒಮ್ಮೆಲೇ ಹೊತ್ತಿ, ಒಮ್ಮೆಲೇ ಆರಿದವು. ಎಂಜಿನ್ ಕೆಮ್ಮಿ ನಿಂತಿತು. ಅಮರಪ್ಪ ಇಳಿದು ಬಾಗಿಲು ದೂಡಿ ಬಾನೆಟ್ ತೆಗೆಯಲು ಹೋದ. ಟಕ್ ಎಂದು ನಾಲ್ಕೂ ಬಾಗಿಲ ಕೀಲಿ ತಾವಾಗಿಯೇ ಬಿದ್ದವು.

ದೇವಕಮ್ಮ ಒಳಗಿನಿಂದ ಹಿಡಿಕೆ ಎಳೆದಳು. ಬಾಗಿಲು ಬರಲಿಲ್ಲ. ಗಾಜಿನ ಗುಂಡಿ ಒತ್ತಿದಳು. ಗಾಜು ಇಳಿಯಲಿಲ್ಲ. ಕೀಲಿಕೈ ಒಳಗೇ ಇತ್ತು, ಅದನ್ನು ಎಷ್ಟು ತಿರುಗಿಸಿದರೂ ಗಾಡಿ ಸತ್ತ ಹೆಣ.

“ರೀ, ಬಾಗಲಾ ತೆಗೀರಿ! ಅತ್ತೆಗೆ ಉಸರ ಹಿಡಿಯಾಕತ್ತದ!”

ಅಮರಪ್ಪ ಹೊರಗಿನಿಂದ ಎಳೆದ, ಗುದ್ದಿದ, ಒದ್ದ. ತಂಪು ಗಾಳಿ ನಿಂತ ಕಾರು ನೋಡುನೋಡುತ್ತಲೇ ಕಾದ ಹಂಚಾಯಿತು. ಮೋನಮ್ಮ ಸೀಟಿನಲ್ಲಿ ಅಡ್ಡಕ್ಕೆ ಒರಗಿ, ಬಾಯಿ ತೆರೆದು, ಸೊಸೆಯ ಸೆರಗನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು. ಅವಳ ತುಟಿ ನೀಲಿಯಾಗುತ್ತಿದ್ದುದನ್ನು ದೇವಕಮ್ಮ ಕಣ್ಣಾರೆ ಕಂಡಳು.

“ಕಲ್ಲು ತಗೊಂಡು ಗಾಜು ಒಡೀರಿ!”

ಅಮರಪ್ಪ ಕಲ್ಲು ಎತ್ತಿಕೊಂಡು ಒಂದು ಗಳಿಗೆ ನಿಂತ. ಒಂದೇ ಗಳಿಗೆ. ಅವನು ಗಾಜಿನ ಕಡೆ ನೋಡಿದ್ದು, ಹೊಳೆಯುವ ಬಣ್ಣದ ಕಡೆ ನೋಡಿದ್ದು ದೇವಕಮ್ಮನ ಕಣ್ಣಿಗೆ ಬಿತ್ತು. ಆಮೇಲೆ ಒಡೆದ. ಹುಲ್ಲು ಹೇರಿಕೊಂಡು ಬರುತ್ತಿದ್ದ ಟ್ರ್ಯಾಕ್ಟರಿನವನು ಇಳಿದು ಬಂದು ಕೈ ಕೊಟ್ಟ. ಇಬ್ಬರೂ ಸೇರಿ ಮುದುಕಿಯನ್ನು ಕಿಟಕಿಯಿಂದ ಹೊರಗೆ ಎಳೆದು, ಹಿಂದಿನಿಂದ ಬಂದ ಬಸ್ಸಿಗೆ ಅಡ್ಡ ನಿಂತು ಹತ್ತಿಸಿದರು. ದವಾಖಾನೆಯಲ್ಲಿ ಮೊದಲು ಆಮ್ಲಜನಕ, ಆಮೇಲೆ ಡಯಾಲಿಸಿಸ್. ಇನ್ನು ಅರ್ಧ ತಾಸು ತಡವಾಗಿದ್ದರೆ ನಮ್ಮ ಕೈಯಲ್ಲಿ ಏನೂ ಇರುತ್ತಿರಲಿಲ್ಲ ಎಂದಳು ನರ್ಸು.

ಭಾನುವಾರ ಮಧ್ಯಾಹ್ನ ಮೋನಮ್ಮನನ್ನು ಮನೆಗೆ ಕರೆತಂದರು. ಕಾರನ್ನು ಹಗ್ಗ ಕಟ್ಟಿ ಎಳೆದು ತಂದು ಮೈನುದ್ದೀನನ ಗ್ಯಾರೇಜಿನಲ್ಲಿ ನಿಲ್ಲಿಸಿದ್ದರು. ಹಣಮಂತ್ರಾಯ ಹೆಂಡತಿಯ ಮಂಚದ ಕಾಲ ಕಡೆ ನಿಂತು, “ಹ್ಯಾಂಗದಿ?” ಅಂದ. ಅವಳು ಗೋಡೆಯ ಕಡೆ ಹೊರಳಿದಳು, ಅವನು ಅಂಗಳಕ್ಕೆ ಹೋದ. ದೇವಕಮ್ಮನ ಮುಂಗೈಯಲ್ಲಿ ಗಾಜಿನ ಗೀರುಗಳಿದ್ದವು. ಅವಳು ಅನ್ನಕ್ಕಿಟ್ಟು ಹೊರಗೆ ಬಂದು ಮಾವನ ಎದುರು ನಿಂತಳು. ಮದುವೆಯಾಗಿ ಹದಿನಾಲ್ಕು ವರ್ಷದಲ್ಲಿ ಅವನ ಎದುರು ಹಾಗೆ ನಿಂತವಳಲ್ಲ.

“ಮಾವ, ಕಾರು ಬಂದ ದಿನ ನೀವು ಬೆಲ್ಟ್ ಪೂರಾ ಎಳದು ನೋಡಿದ್ರಿ. ಏನಿತ್ತು ಅದಕ್ಕ?”

ಅವನು ಬೇವಿನ ಮರದ ಕಡೆ ತಿರುಗಿದ.

“ಕೇಳಾಕತ್ತೇನ್ರಿ.”

“ರೇವಿ ಇತ್ತು.”

“ಅಂದ್ರ?”

“ಕಾಲುವಿ ತಳದಾಗ ಕೂಡೂ ಸಣ್ಣ ಮಣ್ಣು. ಮೂವತ್ತು ವರ್ಷ ನನ್ನ ಚಪ್ಪಲಿಗಿ ಹತ್ತೇದ ಅದು, ನಂಗ ಗೊತ್ತಾಗಂಗಿಲ್ಲೇನು? ಗಾಡಿ ಕಾಲುವಿಗೆ ಬಿದ್ದು ನೀರಾಗ ಮುಳುಗಿ ಎದ್ದದ್ದು. ಸೀಟಿಗೆ ಹೊದಿಕಿ ಹಾಕ್ಯಾರ, ಬೆಲ್ಟಿನ ತುದಿ ತೊಳಿಯಾಕ ಮರತಾರ.”

“ಅವತ್ತ ಗೊತ್ತಿತ್ತು?”

“ಅವತ್ತ ಗೊತ್ತಾತು.”

“ಗೊತ್ತಿದ್ದೂ ಒಂದು ತಿಂಗಳು ಅತ್ತೀನ್ನ ಅದರಾಗ ಕೂಡಿಸಿ ಕಳಿಸಿದ್ರಿ?”

“ನನ್ನ ಯಾರು ಕೇಳಿದ್ರು?” ಹಣಮಂತ್ರಾಯನ ದನಿ ಏರಿತು. “ಡ್ರೈವರ್ ಬುದ್ಧಿ ಅಂದ. ಮೂವತ್ತೊಂದು ವರ್ಷದ ಅನ್ನ ಅದು. ನನ್ನ ಜೀಪು ಒಯ್ಯಾಕ ನನ್ನ ಸಹಿ ಬೇಕು, ಗಾಡಿ ನೋಡಾಕ ನಾ ಬ್ಯಾಡ. ಕೆಟ್ಟು ನಿಲ್ಲಲಿ, ಬುದ್ಧಿ ಬರ್ತದ ಅಂತ ಸುಮ್ಮನಿದ್ದೆ. ಹಿಂಗಾಗ್ತದಂತ ನಾ ಏನು ಕನಸು ಕಂಡಿದ್ನೇನು?”

ಅಮರಪ್ಪ ಒಳಗಿನಿಂದ ಓಡಿ ಬಂದ. “ಗೊತ್ತಿತ್ತು? ಗೊತ್ತಿದ್ದೂ ಬಾಯಿ ಮುಚ್ಕೊಂಡು ಕೂತಿದ್ದೇನು? ನನ್ನ ಹೆತ್ತವ್ವನ್ನ ಕೊಲ್ಲಾಕ ಹೊಂಟಿದ್ದಿ!”

“ನಾನಲ್ಲ, ಆ ಗಾಡಿ ತಂದಾಂವ ನೀ!”

“ಹೇಳಾಕ ಬಾಯಿ ಇರಲಿಲ್ಲೇನು ನಿಂಗ?”

“ಕೇಳಾಕ ನಿಂಗಿತ್ತೇನು?”

ಅಪ್ಪ ಮಗ ಎದೆಗೆ ಎದೆ ಕೊಟ್ಟು ನಿಂತರು. ಮದೀನಾಬೀ ತನ್ನ ಬಾಗಿಲಿಗೆ ಬಂದವಳು ಮತ್ತೆ ಒಳಗೆ ಹೋಗಿ ಪರದೆ ಎಳೆದುಕೊಂಡಳು. ಆಗ ಒಳಗಿನಿಂದ ಮೋನಮ್ಮನ ದನಿ ಬಂತು. ದೊಡ್ಡ ದನಿಯೇನಲ್ಲ.

“ದೇವಕಿ, ಇಲ್ಲಿ ಬಾ. ಇವತ್ತಿಂದ ನನ್ನ ಊಟ ನಿನ್ನ ಕೈಲೆ. ಈ ಇಬ್ಬರು ಗಂಡಸರ ನೆರಳು ನನ್ನ ತಾಟಿನ ಮ್ಯಾಲ ಬೀಳಬಾರದು. ಯಾದಗಿರಿಗೆ ನಾ ಬಸ್ಸಿಗೆ ಹೋಗ್ತೇನಿ. ಇವರು ಓಡಿಸೂ ಗಾಡಿ ಹತ್ತಂಗಿಲ್ಲ, ಒಬ್ಬಂದೂ ಹತ್ತಂಗಿಲ್ಲ.”

ಅಂದಂತೆಯೇ ನಡೆದಳು. ಬುಧವಾರ ಸೊಸೆಯ ಹೆಗಲು ಹಿಡಿದು ಬಸ್ಸು ಹತ್ತಿದಳು. ಹಿಂದೆ ಬಂದ ಗಂಡನನ್ನು ಬಸ್ ಸ್ಟ್ಯಾಂಡಿನಿಂದಲೇ ಹಿಂದಕ್ಕೆ ಅಟ್ಟಿದಳು.

ಶಾಲೆಗೆ ರಜೆ ಬಿದ್ದ ಮರುದಿನ ದೇವಕಮ್ಮ ಗ್ಯಾರೇಜಿಗೆ ಹೋಗಿ ಕಾರಿನ ಮುಂದಿನ ಡಬ್ಬಿಯನ್ನೆಲ್ಲ ಜಾಲಾಡಿದಳು. ಒದ್ದೆಯಾಗಿ ಒಣಗಿ ಹಪ್ಪಳವಾಗಿದ್ದ ಹಳೆಯ ವಿಮೆಯ ಕಾಗದವೊಂದು ಸಿಕ್ಕಿತು. ಅದರ ಮೇಲಿದ್ದದ್ದು ಯಾದಗಿರಿಯ ಡಾಕ್ಟರ ಹೆಸರಲ್ಲ, ಹುಣಸಗಿಯ ಗೊಬ್ಬರದ ಅಂಗಡಿಯವನೊಬ್ಬನ ಹೆಸರು. ಅವಳು ಅವತ್ತೇ ಹುಣಸಗಿ ಬಸ್ಸು ಹತ್ತಿದಳು.

ಅಂಗಡಿಯವನು ಸಂತೆಗೆ ಹೋಗಿದ್ದ. ಅವನ ಹೆಂಡತಿ ಗೊಲ್ಲಾಳಮ್ಮ ಗಲ್ಲೆಯ ಮೇಲೆ ಕೂತಿದ್ದಳು. ಕಾರಿನ ನಂಬರು ಹೇಳುತ್ತಿದ್ದಂತೆಯೇ ಅವಳು ಹಣೆ ಬಡಿದುಕೊಂಡಳು.

“ಅಯ್ಯ ನಮ್ಮವ್ವ, ಅದನ್ನ ನಿಮಗ ಮಾರ್‍ಯಾನೇನು? ದಸರಾದಾಗ ನಮ್ಮ ಮೈದುನ ಅದನ್ನ ಎಡದಂಡಿ ಕಾಲುವಿಗೆ ಇಳಿಸಿದನ್ರಿ. ಅಂವ ಈಜಿ ಮ್ಯಾಲ ಬಂದ, ಗಾಡಿ ಮೂರು ದಿನ ನೀರಾಗಿತ್ತು. ಗುಜರಿ ದರಕ್ಕ ಹಿಡಿ, ಬಿಡಿ ಭಾಗ ಮಾರ್ಕೋ ಅಂತ ಭೀಮರಾಯಗ ಕೊಟ್ಟು ಟ್ರ್ಯಾಕ್ಟರ್ ಟ್ರೇಲಿ ತಗೊಂಡ್ವಿ. ಓಡಿಸಾಕ ಅಲ್ಲ ಅಂತ ಬಾಯಿ ಬಿಟ್ಟು ಹೇಳೀವಿ.”

“ಅದಕ್ಕೇನರೆ ಸಾಕ್ಷಿ ಅದ ಏನ್ರಿ ಅಕ್ಕ?”

ಗೊಲ್ಲಾಳಮ್ಮ ಫೋನು ತೆಗೆದಳು. ಕ್ರೇನಿನ ಕೊಕ್ಕೆಗೆ ನೇತುಬಿದ್ದ ಬಿಳಿ ಕಾರು, ನಾಲ್ಕೂ ಬಾಗಿಲಿನಿಂದ ನೀರು ಸುರಿಯುತ್ತಿದೆ, ನಂಬರು ಸ್ಪಷ್ಟವಾಗಿ ಕಾಣುತ್ತಿದೆ, ದಂಡೆಯ ತುಂಬ ಜನ. ದೇವಕಮ್ಮ ಅದನ್ನು ತನ್ನ ಫೋನಿಗೆ ಹಾಕಿಸಿಕೊಂಡಳು.

“ಪೊಲೀಸರಿಗೆ ಕೊಡ್ತೀರೇನು?” ಎಂದಳು ಗೊಲ್ಲಾಳಮ್ಮ.

“ಅಲ್ಲಿಗೆ ಹೋದ್ರ ಮೂರು ವರ್ಷ ಹಿಡೀತದ. ನಮ್ಮ ಅತ್ತೆಗೆ ಅಷ್ಟು ವ್ಯಾಳ್ಯಾ ಇಲ್ಲ.”

ಸಂಜೆ ಅಮರಪ್ಪನಿಗೆ ಫೋಟೋ ತೋರಿಸಿದಾಗ ಅವನ ಮುಖ ಸುಣ್ಣವಾಯಿತು. ಆದರೆ ಮರುಗಳಿಗೆಯೇ, “ಹೋದದ್ದು ಹೋತು. ಅಂಗಡಿ ಮುಂದ ಹೋಗಿ ಗದ್ಲ ಮಾಡಬ್ಯಾಡ. ಭೀಮರಾಯ ನಮ್ಮ ಸಾಹೇಬರ ಪೈಕಿ. ನನ್ನ ಕಚೇರ್‍ಯಾಗ ನಾ ಮಾರಿ ಹ್ಯಾಂಗ ತೋರಿಸಲಿ?” ಎಂದ.

“ತೋರಿಸಬ್ಯಾಡ್ರಿ,” ಎಂದಳು ದೇವಕಮ್ಮ. “ನಾ ತೋರಿಸ್ತೇನಿ.”

ಅವಳು ಕಟ್ಟೆಯ ಮೇಲಿದ್ದ ಮಾವನ ಹತ್ತಿರ ಹೋದಳು. ಎಂಟು ದಿನದಿಂದ ಅವನಿಗೆ ಊಟ ಬಡಿಸುವುದು ಬಿಟ್ಟರೆ ಮಾತಿರಲಿಲ್ಲ. “ಗುರುವಾರ ಶಹಾಪುರಕ್ಕ ಬರ್ರಿ. ನಿಮಗ ಗೊತ್ತಿದ್ದದ್ದು ಅಲ್ಲಿ ಹೇಳ್ರಿ. ಇಲ್ಲಿ ಹೇಳಲಿಲ್ಲ, ಅಲ್ಲಿಯಾದ್ರೂ ಹೇಳ್ರಿ.”

ಗುರುವಾರ ಮೋನಮ್ಮನೂ ಸೇರಿ ಮೂವರೂ ಒಂದೇ ಬಸ್ಸಿನಲ್ಲಿ ಹೋದರು. ಹೆಂಗಸರು ಮುಂದೆ, ಹಣಮಂತ್ರಾಯ ಕಟ್ಟಕಡೆಯ ಸೀಟಿನಲ್ಲಿ.

ಭೀಮರಾಯನ ಅಂಗಡಿ ಎಂದರೆ ಯಾದಗಿರಿ ರಸ್ತೆಯ ಬದಿಗೆ ತಂತಿಬೇಲಿ ಹಾಕಿದ ಒಂದು ಬಯಲು, ಅದರಲ್ಲಿ ಸಾಲಾಗಿ ನಿಲ್ಲಿಸಿದ ಹತ್ತು ಹನ್ನೆರಡು ಕಾರು, ಮೂಲೆಯಲ್ಲಿ ತಗಡಿನ ಆಫೀಸು. ಅಕ್ಷಯ ತೃತೀಯೆಗೆ ಮುಂಚಿನ ವಾರ, ಗಿರಾಕಿಗಳಿದ್ದರು. ಭೀಮರಾಯ ನಗುನಗುತ್ತ ಎದ್ದು ಬಂದ.

“ಬರ್ರಿ ಬರ್ರಿ ಅಕ್ಕಾರ, ಕುಂದರ್ರಿ. ಏ, ಚಾ ಹೇಳೋ!”

“ಚಾ ಬ್ಯಾಡ್ರಿ. ಇದನ್ನ ನೋಡ್ರಿ,” ಎಂದು ದೇವಕಮ್ಮ ಫೋನು ಹಿಡಿದಳು.

ಅವನ ನಗು ಅಲ್ಲೇ ನಿಂತಿತು, ಆದರೆ ಇಳಿಯಲಿಲ್ಲ. “ಹಳೇ ಗಾಡಿ ಅಂದ್ಮ್ಯಾಲ ಏನರೆ ಇರ್ತದ್ರಿ. ನಿಮ್ಮ ಯಜಮಾನ್ರು ನೋಡಿ, ಓಡಿಸಿ, ಒಪ್ಪಿ ಒಯ್ದಾರ. ಕಾಗದಕ್ಕ ಸಹಿ ಅದ. ಹೆಣ್ಮಕ್ಕಳಿಗೆ ಇದೆಲ್ಲ ತಿಳಿಯಂಗಿಲ್ಲ, ಅವರ್ನ ಕಳಸ್ರಿ.”

ಮೋನಮ್ಮ ಒಂದು ಪ್ಲಾಸ್ಟಿಕ್ ಕುರ್ಚಿಯನ್ನು ತಾನೇ ಎಳೆದುಕೊಂಡು ಹೋಗಿ ಗೇಟಿನ ನಡುವೆ ಹಾಕಿ ಕೂತಳು. ಸೂಜಿ ಚುಚ್ಚಿ ಚುಚ್ಚಿ ಗಂಟುಗಟ್ಟಿದ ಎಡಗೈಯನ್ನು ತೊಡೆಯ ಮೇಲೆ ಚಾಚಿಟ್ಟಳು. ಒಳಗೆ ಬರುತ್ತಿದ್ದ ಗಂಡಹೆಂಡತಿಯನ್ನು ನಿಲ್ಲಿಸಿ ಹೇಳತೊಡಗಿದಳು:

“ಕಾರು ತಗೊಳಾಕ ಬಂದೀರೇನಪ್ಪ? ತಗೋರಿ. ನಂಗೂ ಒಂದು ಕೊಟ್ಟಾನ. ಮೂರು ದಿನ ಕಾಲುವ್ಯಾಗ ನೆನೆಸಿ, ಅತ್ತರ ಹಚ್ಚಿ ಕೊಟ್ಟಾನ. ಕಿಟಕಿ ಒಡದು ನನ್ನ ಹೊರಗ ಎಳದಾರ. ದೇವಕಿ, ಫೋಟೋ ತೋರಿಸು ಇವ್ರಿಗೆ.”

“ಮುದುಕೀನ ಮುಂದ ಮಾಡ್ಕೊಂಡು ನಾಟಕ ಹೂಡೀರೇನು?” ಭೀಮರಾಯನ ದನಿ ಬದಲಾಯಿತು. ಅವನು ಫೋನು ತೆಗೆದು ಅಮರಪ್ಪನಿಗೆ ಹಚ್ಚಿದ. “ನಿಮ್ಮ ಮನಿ ಹೆಂಗಸರು ಇಲ್ಲಿ ಬಂದು ನನ್ನ ಧಂಧೆ ಹಾಳ ಮಾಡಾಕತ್ತಾರ. ಬಂದು ಕರಕೊಂಡು ಹೋಗ್ರಿ.”

ಅಷ್ಟು ಹೊತ್ತೂ ಹಣಮಂತ್ರಾಯ ಬೇಲಿಯ ಹತ್ತಿರ ನಿಂತು ಸಾಲಿನ ಮೇಲೆ ಕಣ್ಣಾಡಿಸುತ್ತಿದ್ದ. “ನನ್ನ ಜೀಪು ಎಲ್ಲೈತಿ?” ಎಂದ ಅವನು ಮೊದಲ ಸಲ ಬಾಯಿ ತೆರೆದು.

“ಅದು ಅವತ್ತ ಹೋತು. ಗುರುಮಠಕಲ್ ಕಡಿ ಕಲ್ಲಿನ ಕಣಿಯವ್ರು ಒಯ್ದ್ರು. ಕಲ್ಲು ಹೇರಾಕ.”

ಹಣಮಂತ್ರಾಯ ಹೆಗಲ ಮೇಲಿನ ಟವೆಲು ಕೊಡವಿ ತಲೆಗೆ ಸುತ್ತಿಕೊಂಡು ಸಾಲಿನ ಮೊದಲ ಕಾರಿನ ಹತ್ತಿರ ಹೋದ. ಬಾಗಿಲು ತೆಗೆದು ಬೆಲ್ಟನ್ನು ತುದಿತನಕ ಎಳೆದ, ಕಾಲ ಕೆಳಗಿನ ಚಾಪೆ ಎತ್ತಿದ, ಬಗ್ಗಿ ಗಾಡಿಯ ಹೊಟ್ಟೆ ನೋಡಿದ. ಎದ್ದು ನಿಂತು ಗಟ್ಟಿಯಾಗಿ, “ಇದು ಮಗ್ಗಲಾಗಿ ಬಿದ್ದದ್ದು. ಬಾಗಿಲ ಕಂಬ ಮುರದದ್ದಕ್ಕ ಬೆಸುಗಿ ಹಾಕ್ಯಾರ” ಎಂದ. ಎರಡನೆಯದಕ್ಕೆ ಹೋದ. “ಇದರ ಮೀಟರ್ ತಿರುಗಿಸ್ಯಾರ. ಮೂವತ್ತು ಸಾವಿರ ಓಡಿದ ಗಾಡಿ ಪೆಡಲ್ ಹಿಂಗ ಸವೆಯಂಗಿಲ್ಲ.” ಮೂರನೆಯದು ಬೂದು ಬಣ್ಣದ, ಸಣ್ಣ, ಹಳೆಯ ಕಾರು. ಅದರ ಎಂಜಿನ್ ಚಾಲೂ ಮಾಡಿಸಿ ಕಿವಿಗೊಟ್ಟು ಬಹಳ ಹೊತ್ತು ನಿಂತ. “ಇದು ಚಲೋ. ಮಾರಿ ಕೆಟ್ಟದ, ಹೊಟ್ಟಿ ಚಲೋ ಅದ.”

ಅಷ್ಟರಲ್ಲಿ ಗಿರಾಕಿಗಳು ಭೀಮರಾಯನನ್ನು ಬಿಟ್ಟು ಹಣಮಂತ್ರಾಯನ ಹಿಂದೆ ಹಿಂದೆ ನಡೆಯತೊಡಗಿದ್ದರು. “ಕಾಕಾ, ಆ ಕೆಂಪು ಗಾಡಿ ಒಂಚೂರು ನೋಡ್ರಿ” ಎಂದು ಒಬ್ಬ ಕೈ ಹಿಡಿದು ಕರೆದ.

ಹಣಮಂತ್ರಾಯ ಐದನೆಯ ಕಾರಿನ ತನಕ ಹೋಗುವಷ್ಟರಲ್ಲಿ ಭೀಮರಾಯ ದೇವಕಮ್ಮನ ಮುಂದೆ ಬಂದು ನಿಂತಿದ್ದ. “ನಿಮಗೇನು ಬೇಕು ಹೇಳ್ರಿ. ಮುದಲ ಆ ಯಜಮಾನ್ನ ನಿಲ್ಲಿಸ್ರಿ.”

“ನಿಮ್ಮ ಬಿಳಿ ಕಾರು ನೀವು ಒಯ್ರಿ, ಆ ಬೂದಿ ಬಣ್ಣದ ಕಾರು ಕೊಡ್ರಿ. ಉಳದ ರೊಕ್ಕ ವಾಪಸ್. ಇವತ್ತ, ಇಲ್ಲೇ.”

ಒಂದು ತಾಸು ಬಾಯಿಬಡಿದಾಟವಾಯಿತು. ಬೂದು ಕಾರಿಗೆ ಅವನು ಇಲ್ಲದ ಬೆಲೆ ಕಟ್ಟಿದ. ಹಣಮಂತ್ರಾಯ ಆರನೆಯ ಕಾರಿನ ಬಾಗಿಲಿಗೆ ಕೈ ಹಾಕಿದೊಡನೆ ಬೆಲೆ ಇಳಿಯಿತು. ಕಾಗದ ಬರೆಯಲು ಕೂತಾಗ ಅಮರಪ್ಪ ಬೈಕಿನಲ್ಲಿ ಬೆವರಿಳಿಸುತ್ತ ಬಂದ. ಗೇಟಿನಲ್ಲಿ ಕೂತ ತಾಯಿಯನ್ನು, ಸುತ್ತ ನೆರೆದ ಜನರನ್ನು ನೋಡಿ ಹಲ್ಲು ಕಚ್ಚಿದ. “ಮಾನ ಮರ್ಯಾದಿ ಎಲ್ಲಾ ಬಜಾರಕ್ಕ ತಂದ್ರಿ.”

“ಯಾರ ಹೆಸರಿಗೆ ಬರೀಲ್ರಿ?” ಎಂದು ಅಂಗಡಿಯ ಗುಮಾಸ್ತ ಕೇಳಿದ.

ಅಮರಪ್ಪ ಮುಂದೆ ಬಂದ. ಹಣಮಂತ್ರಾಯನೂ ಒಂದು ಹೆಜ್ಜೆ ಇಟ್ಟ.

“ನನ್ನ ಹೆಸರಿಗೆ,” ಎಂದಳು ದೇವಕಮ್ಮ. “ದೇವಕಮ್ಮ. ಮಾಸ್ತರಣಿ, ರಂಗಂಪೇಟಿ.”

“ನಾ ಇನ್ನ ಸತ್ತಿಲ್ಲ,” ಅಂದ ಅಮರಪ್ಪ.

“ನೀ ಸತ್ತಿಲ್ಲ,” ಎಂದಳು ಮೋನಮ್ಮ ಗೇಟಿನಿಂದ. “ನಾ ಸಾಯ್ತಿದ್ದೆ. ಬರೀಯಪ್ಪ ನೀ, ಅಕಿ ಹೆಸರು ಬರೀ.”

ಅಮರಪ್ಪ ಬೈಕು ತಿರುಗಿಸಿಕೊಂಡು ಹೋದ. ಅವತ್ತು ಸಂಜೆ ಮನೆಯಲ್ಲಿ ಉಣ್ಣಲಿಲ್ಲ, ಮರುದಿನವೂ ಉಣ್ಣಲಿಲ್ಲ, ಖಾನಾವಳಿಗೆ ಹೋದ. ಮೂರನೆಯ ದಿನ ಹಸಿವು ಅವನನ್ನು ತಾಟಿನ ಮುಂದೆ ತಂದು ಕೂಡಿಸಿತು. ದೇವಕಮ್ಮ ಬಡಿಸಿದಳು, ಅವನು ಉಂಡ. ಕಚೇರಿಯಲ್ಲಿ ಸಾಹೇಬರು 'ಹೆಂಡತಿ ಗಾಡಿ' ಎಂದು ಅಣಕಿಸಿದರೆಂದು ಒಂದು ದಿನ ಊಟದ ಗಂಗಾಳ ಎತ್ತಿ ಅಂಗಳಕ್ಕೆ ಒಗೆದ. ಅವಳು ಅದನ್ನು ಎತ್ತಿ ತರಲಿಲ್ಲ. ಎರಡು ದಿನ ಅಲ್ಲೇ ಬಿದ್ದಿತ್ತು, ಕೊನೆಗೆ ಅವನೇ ಎತ್ತಿ ತೊಳೆದಿಟ್ಟ.

ಮೋನಮ್ಮ ಹಟ ಬಿಡಲಿಲ್ಲ. ಕಾರು ಬೇವಿನ ಕೆಳಗೆ ನಿಂತಿದ್ದರೂ ಏಪ್ರಿಲ್, ಮೇ ಎರಡೂ ತಿಂಗಳು ಉರಿಬಿಸಿಲಲ್ಲಿ ಬಸ್ಸಿಗೇ ಹೋದಳು. ಹಣಮಂತ್ರಾಯ ಒಮ್ಮೆ, “ನಾ ಓಡಿಸ್ತೇನಿ, ನನ್ನ ಕೈಯಾಗ ಯಾವತ್ತರೆ ಗಾಡಿ ಕೆಟ್ಟದೇನು?” ಎಂದು ಅಂಗಲಾಚಿದ. “ಗಾಡಿ ಕೆಟ್ಟಿಲ್ಲ, ನೀ ಕೆಟ್ಟೀ” ಎಂದಳು ಅವಳು. ಆಮೇಲೆ ಅವನು ಕೇಳಲಿಲ್ಲ.

ಹಾಗಾಗಿ ದೇವಕಮ್ಮನೇ ಕಲಿಯಬೇಕಾಯಿತು. ಕಲಿಸುವವನು ಮಾವನೇ. ಬೇಸಿಗೆಗೆ ನೀರು ಬಂದ್ ಆಗಿ ಬತ್ತಿದ್ದ ಕಾಲುವೆಯ ದಂಡೆಯ ಮೇಲೆ ಮುಂಜಾನೆ ಆರಕ್ಕೆ ಇಬ್ಬರೂ ಹೋಗುತ್ತಿದ್ದರು. ಅವನು ಕೆಟ್ಟ ಮಾಸ್ತರ. ಕ್ಲಚ್ಚು ತಪ್ಪಿದರೆ ಗದರುತ್ತಿದ್ದ, ಗೇರು ಕಿರುಗುಟ್ಟಿದರೆ ತನ್ನ ಹಲ್ಲನ್ನೇ ಯಾರೋ ಕಿತ್ತಂತೆ ಮುಖ ಮಾಡುತ್ತಿದ್ದ. ಒಂದು ದಿನ ಅವಳು ದಂಡೆಯ ಅಂಚಿಗೆ ಗಾಡಿ ನಿಲ್ಲಿಸಿ, “ಬೈಬ್ಯಾಡ್ರಿ. ಹೇಳಿಕೊಡ್ರಿ. ಬೈಯೂದು ಮನಿತುಂಬ ಅದ” ಎಂದಳು. ಅವನು ಒಣ ಕಾಲುವೆಯನ್ನು ನೋಡಿ, “ಎಡಗಾಲು ಸಾವಕಾಶ ಬಿಡು” ಎಂದ, ಮೆತ್ತಗೆ.

ಜೂನ್ ಎರಡನೆಯ ಶನಿವಾರ ಶಾಲೆ ಬಿಟ್ಟು ಬಂದ ದೇವಕಮ್ಮ ಮೊದಲ ಸಲ ಕಾರನ್ನು ಯಾದಗಿರಿಯ ಕಡೆ ತಿರುಗಿಸಿ ನಿಲ್ಲಿಸಿದಳು. ಹಿಂದಿನ ಗಾಜಿಗೆ ಕಲಿಯುವವರು ಹಚ್ಚುವ ಕೆಂಪು ಅಕ್ಷರವಿತ್ತು. ಪಕ್ಕದಲ್ಲಿ ಲೈಸೆನ್ಸ್ ಇದ್ದವನೊಬ್ಬ ಕೂರಲೇಬೇಕಿತ್ತು, ಹಣಮಂತ್ರಾಯ ಕೂತ. ಮೋನಮ್ಮ ಮದೀನಾಬೀಯ ಕೈ ಹಿಡಿದು ಬಂದು ಹಿಂದೆ ಕೂತಳು. ಗಂಡನ ಬೆನ್ನನ್ನು ನೋಡಿದರೂ ಇಳಿಯಲಿಲ್ಲ.

ಅಮರಪ್ಪ ಬಾಗಿಲಲ್ಲಿ ನಿಂತಿದ್ದ. ಅಂಗಿ ಹಾಕಿಕೊಂಡಿದ್ದ, ಚಪ್ಪಲಿಯನ್ನೂ ಮೆಟ್ಟಿದ್ದ. “ನಾನೂ ಬರ್ಲೇನು?” ಎಂದು ಯಾರ ಕಡೆಯೂ ನೋಡದೆ ಕೇಳಿದ.

ದೇವಕಮ್ಮ ಕನ್ನಡಿಯಲ್ಲಿ ಅತ್ತೆಯ ಮುಖ ನೋಡಿದಳು. ಮೋನಮ್ಮ ಸರಿದು ಜಾಗ ಮಾಡಿದಳು.

“ಹಿಂದ ಕೂಡು. ಅಕಿ ಓಡಿಸೂವಾಗ ಬಾಯಿ ತೆರೀಬ್ಯಾಡ.”

ಅವನು ಕೂತು ಬಾಗಿಲು ಹಾಕಿಕೊಂಡ. ಮೋನಮ್ಮ ಮುಂದಕ್ಕೆ ಬಾಗಿ, ಎರಡು ತಿಂಗಳಿಂದ ತಾನಾಗಿ ಮಾತಾಡಿಸದ ಗಂಡನ ಹೆಗಲನ್ನು ಬೆರಳಿನಿಂದ ಕುಟ್ಟಿದಳು.

“ನೀ ಬಾಯಿ ಮುಚ್ಚಬ್ಯಾಡ. ಏನರೆ ಸಪ್ಪಳ ಬಂದ್ರ, ಬಂದ ಗಳಿಗ್ಯಾಗ ಹೇಳು.”

“ಹೂಂ,” ಎಂದ ಹಣಮಂತ್ರಾಯ. ದೇವಕಮ್ಮ ಎಡಗಾಲನ್ನು ಸಾವಕಾಶ ಬಿಟ್ಟಳು.